ಕಂಟೇನರ್ ಯಾರ್ಡ್‌ನಲ್ಲಿ ಜಾಗ ಸಾಲ್ದಿದ್ರೆ ಇನ್ನೂ ಎತ್ತರಕ್ಕೆ ಪೇರಿಸಿದ್ರೆ ಆಗಲ್ವಾ?

ಬಂದರಲ್ಲಿ ಜಾಗ ಇಲ್ಲ ಅಂದ್ರೆ ಮೇಲ್ಮೇಲೆ ಪೇರಿಸಿ, ಇನ್ನೊಂದೆರಡು ಕ್ರೇನ್ ತಂದ್ರೆ ಮುಗೀತಲ್ವಾ ಅಂತ ಕೇಳಿದೀರ. ಪಶ್ಚಿಮ ಕರಾವಳಿಯ ಒಂದು ಟರ್ಮಿನಲ್‌ನಲ್ಲಿ ವರ್ಷಗಟ್ಲೆ ಯಾರ್ಡ್ ಪ್ಲಾನಿಂಗ್ ಮಾಡಿದೋನಾಗಿ ಹೇಳ್ತೀನಿ, ತೊಂದ್ರೆ ಶುರುವಾಗೋದೇ ಅಲ್ಲಿಂದ.

ಆರ್‌ಟಿಜಿ, ಅಂದ್ರೆ ಟೈರ್ ಮೇಲೆ ಓಡೋ ದೊಡ್ಡ ಕ್ರೇನ್, ಅದರ ಕಾಲುಗಳ ಮಧ್ಯೆ ಸಾಮಾನ್ಯವಾಗಿ 6 ಸಾಲು ಬಾಕ್ಸು, ಪಕ್ಕದಲ್ಲಿ ಲಾರಿ ಬರೋ ದಾರಿ. 5 ಎತ್ತರ ಪೇರಿಸಿದ್ರೆ ಒಂದು ಬೇನಲ್ಲಿ, ಅಂದ್ರೆ ಕ್ರೇನ್ ಒಂದೇ ಕಡೆ ನಿಂತು ಎತ್ತೋ ಅಡ್ಡಸಾಲಲ್ಲಿ, 30 ಜಾಗ ಆಯ್ತು, ಆದ್ರೆ ಮೂವತ್ತೂ ತುಂಬಿದ್ರೆ ತಳದ ಬಾಕ್ಸ್ ತೆಗೆಯುವಾಗ ಮೇಲಿನ 4ನ್ನ ಎಲ್ಲಿಡ್ತೀರಿ? ಅದಕ್ಕೇ 26ಕ್ಕೆ ನಿಲ್ಲಿಸ್ಬೇಕು. ಒಂದ್ಸಲ ಮೇಲಿನೋರ ಒತ್ತಾಯಕ್ಕೆ ಆ ಖಾಲಿ ಜಾಗಾನೂ ತುಂಬಿಸಿದ್ವಿ, ಮಾರನೇ ದಿನ ಬೆಳಿಗ್ಗೆ ಒಬ್ಬ ಡ್ರೈವರ್ ಬಂದ, ಅವನ ಬಾಕ್ಸ್ ತಳದಲ್ಲಿ, ಮೇಲಿನ ನಾಲ್ಕನ್ನೂ ಪಕ್ಕದ ಬೇಗೆ ಹೊತ್ಕೊಂಡು ಹೋಗಿ ಇಡೋಷ್ಟರಲ್ಲಿ ಅವನ ಹಿಂದೆ ಲಾರಿ ಸಾಲು ಬ್ಲಾಕ್ (ಇಂಥ ಬೇಗಳು ಒಂದರ ಪಕ್ಕ ಒಂದು ಇರೋ ಉದ್ದದ ಪಟ್ಟಿ) ತುದಿವರೆಗೂ ಬೆಳೀತು, ಪಾಪ ಅವನು ಪೇಪರ್ ಕೈಲಿ ಹಿಡ್ಕೊಂಡು ಮೇಲೆ ನೋಡ್ತಾನೇ ಇದ್ದ.

ಇಂಪೋರ್ಟ್‌ನಲ್ಲಿ ಯಾವ ಲಾರಿ ಮೊದ್ಲು ಬರುತ್ತೆ ಅಂತ ಗೊತ್ತಿರಲ್ಲ. 5 ಎತ್ತರದಿಂದ ಯಾವುದೋ ಒಂದನ್ನ ತೆಗೆಯೋಕೆ ಸರಾಸರಿ 2 ಬಾಕ್ಸ್ ಸುಮ್ನೆ ಎತ್ತಿಡ್ಬೇಕು, 3 ಎತ್ತರ ಇದ್ರೆ 1 ಸಾಕು. ಹಾಗಾಗಿ ಇಂಪೋರ್ಟ್ ತಗ್ಗು ಇಡಿ, ನಾಳೆ ಯಾರು ಬರ್ತಾರೆ ಅಂತ ಗೇಟ್ ಬುಕಿಂಗ್‌ನಿಂದ ಮೊದ್ಲೇ ಗೊತ್ತಾದ್ರೆ ರಾತ್ರಿ ಕ್ರೇನ್ ಖಾಲಿ ಇದ್ದಾಗಲೇ ಅವರ ಬಾಕ್ಸನ್ನ ಮೇಲಕ್ಕೆ ತಂದಿಡಿ. ಎಕ್ಸ್‌ಪೋರ್ಟ್ ಬೇರೆ ಕಥೆ, ಹಡಗು ಯಾವುದು, ಇಳಿಯೋ ಬಂದರು ಯಾವುದು, ತೂಕ ಎಷ್ಟು ಎಲ್ಲಾ ಗೊತ್ತಿರುತ್ತೆ, ಎತ್ತರಕ್ಕೇ ಪೇರಿಸಬಹುದು. ಅದರಲ್ಲೂ ಭಾರದ್ದು ಯಾರ್ಡ್‌ನಲ್ಲಿ ಮೇಲಿರ್ಬೇಕು, ಯಾಕಂದ್ರೆ ಹಡಗಲ್ಲಿ ಅದು ಕೆಳಗೆ ಕೂರ್ಬೇಕು, ಮೊದ್ಲು ಹೋಗ್ಬೇಕು. ಇದನ್ನ ಹೊಸಬರಿಗೆ ಹೇಳಿದಾಗ ಅವರ ಮುಖ ಅರಳೋದು ನೋಡೋಕೆ ನಂಗೆ ಈಗ್ಲೂ ಖುಷಿ.

ಇನ್ನು ಕ್ರೇನ್ ವಿಷಯ. ಒಂದೇ ಬ್ಲಾಕಲ್ಲಿ ಒಂದು ಆರ್‌ಟಿಜಿ ಇನ್ನೊಂದನ್ನ ದಾಟಕ್ಕಾಗಲ್ಲ, ಮಧ್ಯೆ ಅಂತರನೂ ಬಿಡ್ಬೇಕು. ಬೇರೆ ಬ್ಲಾಕ್‌ಗೆ ಹೋಗ್ಬೇಕಂದ್ರೆ ನಿಂತು, ಚಕ್ರ 90 ಡಿಗ್ರಿ ತಿರುಗಿಸಿ ಹೋಗ್ಬೇಕು, ಅಷ್ಟು ಹೊತ್ತು ಲಾರಿ ದಾರಿ ಬಂದ್. ಹಾಗಾಗಿ ಒಂದು ಹಡಗಿನ ಸರಕನ್ನ ಒಂದೇ ಬ್ಲಾಕಲ್ಲಿ ಗುಡ್ಡೆ ಹಾಕದೆ ಮೂರ್ನಾಲ್ಕು ಬ್ಲಾಕ್‌ಗೆ ಹಂಚಿದ್ರೆ, ಇರೋ ಕ್ರೇನ್‌ಗಳೇ ಒಟ್ಟಿಗೆ ಕೆಲಸ ಮಾಡ್ತವೆ. ಹೊಸ ಕ್ರೇನ್‌ಗೆ ದುಡ್ಡು ಕೇಳೋ ಮುಂಚೆ ಒಂದು ವಾರ ನಿಮ್ಮ ಕ್ರೇನ್‌ಗಳು ಎಷ್ಟು ಬಾಕ್ಸನ್ನ ಸುಮ್ನೆ ಎತ್ತಿಡ್ತಿವೆ ಅಂತ ಎಣಿಸಿ ನೋಡಿ.