ಪ್ರತಿ: ಸಲೈನ್‌ನಲ್ಲಿಟ್ಟ ಎಝಡ್31 ಮೆಗ್ನೀಸಿಯಂ (ಅಲ್ಯೂಮಿನಿಯಂ, ಸತು ಬೆರೆತ ಮಿಶ್ರಲೋಹ) ತುಂಡು ವಾರದೊಳಗೇ ಕರಗುತ್ತಿದೆ, ಏಕೆ?

ದೇಹದೊಳಗೆ ಲೋಹ ಹೇಗೆ ಕರಗುತ್ತದೆ ಎಂದು ನೋಡುವ ಇಂಥ ಪರೀಕ್ಷೆಯಲ್ಲಿ ಬಹುಶಃ ತಪ್ಪು ಲೋಹದ್ದಲ್ಲ, ದ್ರಾವಣದ್ದು. 0.9% ಸಲೈನ್‌ನಲ್ಲಿ ಕ್ಲೋರೈಡ್ ಧಾರಾಳ, ಬಫರ್ (ಪಿಎಚ್, ಅಂದರೆ ಆಮ್ಲ-ಕ್ಷಾರ ಮಟ್ಟ, ಏರುಪೇರಾಗದಂತೆ ತಡೆಯುವ ಲವಣ) ಇಲ್ಲ. ಮೇಲ್ಮೈಯಲ್ಲಿ ಕಟ್ಟುವ ಹೈಡ್ರಾಕ್ಸೈಡ್ ಪದರವನ್ನು ಕ್ಲೋರೈಡ್ ಒಡೆಯುತ್ತಲೇ ಇರುತ್ತದೆ. ದೇಹದ್ರವದಲ್ಲಾದರೆ ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿ ಇನ್ನೊಂದು ರಕ್ಷಣಾ ಪದರ ಕೂಡುತ್ತದೆ. ನಿಮ್ಮ ಬೀಕರ್‌ನಲ್ಲಿ ಅವೆರಡೂ ಇಲ್ಲ.

ಮೊದಲು ಹ್ಯಾಂಕ್ಸ್ ದ್ರಾವಣಕ್ಕೆ (ದೇಹದ್ರವದ ಲವಣಗಳನ್ನು ಹೋಲುವ ದ್ರಾವಣ) ಬದಲಾಯಿಸಿ. ಡಿಸ್ಟಿಲ್ಡ್ ನೀರಲ್ಲೇ ತಯಾರಿಸಿ, ನಮ್ಮ ಕಡೆಯ ಬೋರ್‌ವೆಲ್ ಗಡಸು ನೀರು ಬೇಡವೇ ಬೇಡ. ಪ್ರತಿ ಚದರ ಸೆಂ.ಮೀ. ಮೇಲ್ಮೈಗೆ ಕನಿಷ್ಠ 20 ಮಿ.ಲೀ. ಇರಲಿ, ನೀವು ಬರೆದ 50 ಮಿ.ಲೀ. ಬೀಕರ್ ಆ ತುಂಡಿಗೆ ಸಾಲದು.

ಆಮೇಲೆ ಹೊಸ ಸಿಲಿಕಾನ್ ಕಾರ್ಬೈಡ್ ಕಾಗದದಲ್ಲಿ ತುಂಡನ್ನು ಉಜ್ಜಿ, ಎಥನಾಲ್‌ನಲ್ಲಿ ತೊಳೆದು ಒಣಗಿಸಿ. ಉಕ್ಕು ಉಜ್ಜಿದ ಕಾಗದ ಬಳಸಿದರೆ ಕಬ್ಬಿಣದ ಕಣ ಅಂಟಿ ಅಲ್ಲಲ್ಲೇ ಗುಳಿ ಬೀಳುತ್ತದೆ.

ತಾಪಮಾನ ದೇಹದಷ್ಟೇ, 37 ಡಿಗ್ರಿ ಇರಲಿ. ಇದನ್ನು ಹಗುರವಾಗಿ ತಗೋಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ದಾಟುತ್ತದೆ, ಬರೀ ಹೀಟರ್ ಇರುವ ವಾಟರ್ ಬಾತ್ ನೀರನ್ನು ತಂಪು ಮಾಡಲಾರದು. ಎಸಿ ಇರುವ ಕೋಣೆ ಕೇಳಿ ಪಡೆಯಿರಿ. ನನ್ನ ರೀಡಿಂಗ್‌ಗಳು ನೆಟ್ಟಗಾಗಿದ್ದು ಅಲ್ಲಿಗೆ ಒಯ್ದ ಮೇಲೆಯೇ.

ತೂಕದ ಜೊತೆ, ಲೋಹ ಕರಗುವಾಗ ಏಳುವ ಹೈಡ್ರೋಜನ್ ಗುಳ್ಳೆಯನ್ನೂ ಅಳೆಯಿರಿ. ಬೋರಲು ಹಾಕಿದ ಫನೆಲ್ ಮೇಲೆ ಬ್ಯೂರೆಟ್ (ಅಳತೆ ಗುರುತಿನ ಗಾಜಿನ ಕೊಳವೆ) ನಿಲ್ಲಿಸಿದರೆ ಆಯಿತು, 1 ಮಿ.ಲೀ. ಹೈಡ್ರೋಜನ್ ಅಂದರೆ ಸುಮಾರು 1 ಮಿ.ಗ್ರಾಂ ಮೆಗ್ನೀಸಿಯಂ ಕರಗಿದೆ. ಪಿಎಚ್ ದಿನಾ ನೋಡಿ, ಏರಿದರೆ ದ್ರಾವಣ ಬದಲಿಸಿ.

ಇಷ್ಟಾದರೂ ಒಂದೇ ಜಾಗದಲ್ಲಿ ಗುಳಿ ಬಿದ್ದರೆ ಲೋಹದಲ್ಲೇ ಕಲ್ಮಶ ಇರಬಹುದು, ಫೋಟೋ ನೋಡದೆ ಖಚಿತ ಹೇಳಲಾರೆ. ಆಗ ಕಬ್ಬಿಣ, ನಿಕಲ್, ತಾಮ್ರದ ಪ್ರಮಾಣ ಪರೀಕ್ಷೆ ಮಾಡಿಸಿ.