ಕೊಳಗ ಯಾರ ಕೈಯಲ್ಲಿದೆ?

ಓದುಗರ ಪತ್ರ: "ಅಡಿಕೆ ಧಾರಣೆ ನೋಡೋಣವೆಂದು ಮೊಬೈಲ್ ತೆಗೆದರೆ, ಕುಕೀಗೆ ಒಪ್ಪುತ್ತೀರಾ ಎಂಬ ಪೆಟ್ಟಿಗೆ ಅಡ್ಡ ಬರುತ್ತದೆ. ಒಪ್ಪಿ ಮುಂದೆ ಹೋಗುತ್ತೇನೆ. ಇದು ಯುರೋಪಿನ ಎಡಪಂಥೀಯರು ವ್ಯಾಪಾರಕ್ಕೆ ಹಾಕಿದ ಕಡಿವಾಣ ಎಂದು ಮಗ. ಕಂಪನಿಗಳ ಲೂಟಿ ಎಂದು ಮಗಳು. ಊಟಕ್ಕೆ ಕೂತರೆ ಇದೇ ಜಗಳ. ನನ್ನಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಇದಕ್ಕೂ ರಾಜಕೀಯ ಬೇಕೇ?" (ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಬೆಳೆಗಾರರು)

ಮಾನ್ಯರೇ,

ಬೇಕು. ಮಗನ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ, ಅದರಲ್ಲೂ ನಿಜವಿದೆ. ಪುಕ್ಕಟೆ ಓದಿನ ಖರ್ಚು ಹೊರುವುದು ಜಾಹೀರಾತು. ನಮ್ಮ ಪತ್ರಿಕೆಯೂ ಅದರ ಅನ್ನವನ್ನೇ ಉಣ್ಣುತ್ತದೆ. ಕುಕೀ, ಅಂದರೆ ವೆಬ್‌ಸೈಟು ನಿಮ್ಮ ಫೋನಿನಲ್ಲಿ ಇಟ್ಟುಹೋಗುವ ಪುಟ್ಟ ಗುರುತಿನ ಚೀಟಿ, ಹುಟ್ಟಿದ್ದೂ ಕೆಟ್ಟ ಉದ್ದೇಶದಿಂದಲ್ಲ. ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ವೆಬ್‌ಸೈಟಿಗೆ ನೀವು ಯಾರೆಂಬುದೇ ಮರೆತುಹೋಗುತ್ತಿತ್ತು. ಆ ನೆನಪು ಉಳಿಯಲೆಂದು 1994ರಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಯ ಲೂ ಮಾಂಟುಲಿ ಈ ಉಪಾಯ ಕಂಡುಕೊಂಡ.

ಆಮೇಲೆ ಕಥೆ ಕೆಟ್ಟಿತು. ಪುಟದಲ್ಲಿ ಜಾಹೀರಾತು ತೂರಿಸುವ ಮೂರನೆಯವನೂ ನಿಮ್ಮ ಫೋನಿನಲ್ಲಿ ತನ್ನ ಕುಕೀ ಇಡತೊಡಗಿದ. ಧಾರಣೆ ನೋಡಿದ್ದು, ಮಂಡಿನೋವಿಗೆ ಔಷಧಿ ಹುಡುಕಿದ್ದು, ಮದುವೆಗೆ ಛತ್ರ ವಿಚಾರಿಸಿದ್ದು, ಎಲ್ಲವನ್ನೂ ಅವನೊಬ್ಬನೇ ಒಂದೆಡೆ ಪೋಣಿಸಿಕೊಳ್ಳುತ್ತಾನೆ. ಇದಕ್ಕೆ ತಾನಾಗಿಯೇ ಅವಕಾಶ ಕೊಡಬೇಡಿ ಎಂದು ತಾಂತ್ರಿಕ ಮಾನದಂಡ ಬರೆದವರು 1997ರಲ್ಲೇ ಹೇಳಿದ್ದರು. ಬ್ರೌಸರ್ ಕಂಪನಿಗಳು ಕಿವಿಗೆ ಹಾಕಿಕೊಳ್ಳಲಿಲ್ಲ. ಆ್ಯಪಲ್‌ನ ಬ್ರೌಸರ್ ಸಫಾರಿ 2020ರಲ್ಲಿ ಪೂರ್ತಿ ತಡೆಯಿತು. ತನ್ನ ಬ್ರೌಸರ್ ಕ್ರೋಮ್‌ನಿಂದಲೂ ತೆಗೆಯುತ್ತೇವೆಂದು ಅದೇ ವರ್ಷ ಮಾತು ಕೊಟ್ಟ ಗೂಗಲ್, ಮುಂದೂಡುತ್ತಾ ಬಂದು 2024ರಲ್ಲಿ ಕೈ ಎತ್ತಿತು. ಅದರ ಆದಾಯದ ಬಹುಪಾಲು ಬರುವುದೇ ಜಾಹೀರಾತಿನಿಂದ, ಇನ್ನೇನು ಮಾಡೀತು!

ಪೆಟ್ಟಿಗೆಯ ಕಿರಿಕಿರಿಗೆ ಮಗ ಯುರೋಪನ್ನು ಬೈಯುತ್ತಾನಲ್ಲ, ಕಾನೂನು ಹೇಳಿದ್ದು ಒಪ್ಪಿಗೆ ಕೇಳಿ ಎಂದಷ್ಟೇ. ಒಪ್ಪುವ ಗುಂಡಿಯನ್ನು ಕಣ್ಣಿಗೆ ಹೊಡೆಯುವಂತಿಟ್ಟು, ಒಲ್ಲೆ ಎನ್ನುವುದನ್ನು ಒಳಪುಟಗಳಲ್ಲಿ ಹುದುಗಿಸಿದವರು ಕಂಪನಿಯವರು. ನಿರಾಕರಿಸುವುದನ್ನು ಹೀಗೆ ಕಷ್ಟ ಮಾಡಿದ್ದಕ್ಕೇ ಫ್ರಾನ್ಸ್ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ, ಫೇಸ್‌ಬುಕ್‌ಗೆ 6 ಕೋಟಿ ಯೂರೊ ದಂಡ ಪ್ರಕಟಿಸಿತು. ಇದು ನಮ್ಮ ಸೀಮೆಗೆ ಹೊಸತೇ? 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕಿಳಿದ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗ ಒಡೆಯರದ್ದಾಗಿತ್ತು, ಅಳತೆಯೂ ಅವರದ್ದೇ. ಭತ್ತ ಸುರಿದ ಗೇಣಿದಾರ ಅದಕ್ಕೆ ಒಪ್ಪಿದ್ದ ಎಂದು ಯಾರಾದರೂ ಅಂದಾರೆಯೇ? ಸಮಾಜವಾದಿ ನಾಯಕ ಲೋಹಿಯಾ ಸಾಗರದ ಸೀಮೆಗೆ ಬಂದು ಬಂಧನಕ್ಕೊಳಗಾದದ್ದು ಆ ಜಗಳದಲ್ಲೇ.

ಮುಚ್ಚಿಡುವಂಥದ್ದೇನೂ ಇಲ್ಲ ಎಂಬ ನಿಮ್ಮ ಮಾತು ಮಾತ್ರ ನನಗೆ ಹಿಡಿಸಲಿಲ್ಲ. ಮಂಡಿಗೆ ಅಡಿಕೆ ಇಳಿಸುವ ಮೊದಲು ಈ ವರ್ಷ ಕೈ ಎಷ್ಟು ಬಿಗಿ, ಸೊಸೈಟಿ ಸಾಲದ ಗಡುವು ಯಾವಾಗ ಎಂದು ದಲ್ಲಾಳಿಗೆ ಹೇಳುತ್ತೀರಾ? ಮೊನ್ನೆ ಶಿವಮೊಗ್ಗದ ಬಟ್ಟೆ ಅಂಗಡಿಯೊಂದರಲ್ಲಿ ಪಂಚೆ ಕೊಂಡರೆ ಬಿಲ್ಲಿಗೆ ಮೊಬೈಲ್ ನಂಬರ್ ಕೇಳಿದರು. ಕೊಡುವುದಿಲ್ಲ ಎಂದೆ. "ನಂಬರ್ ಹಾಕದಿದ್ರೆ ಕಂಪ್ಯೂಟರ್ ಮುಂದೆ ಹೋಗಲ್ಲ ಸಾರ್" ಎಂದ ಹುಡುಗ. ಹಿಂದೆ ನಿಂತಿದ್ದವರು ನನ್ನನ್ನೇ ಕಳ್ಳನಂತೆ ನೋಡಿದರು.

ಎಡ ಬಲದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ ಅರ್ಜಿ ಹಾಕಿದ್ದು 2012ರಲ್ಲಿ, ಒಂದು ಪಕ್ಷದ ಸರ್ಕಾರವಿದ್ದಾಗ. ಅದೇ ಪ್ರಕರಣದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಹೇಳಿದ್ದು 2017ರ ಆಗಸ್ಟ್ 24ರಂದು, ಇನ್ನೊಂದು ಪಕ್ಷ ಆಳುತ್ತಿದ್ದಾಗ. ಆಧಾರನ್ನು ಎರಡೂ ಸರ್ಕಾರಗಳು ಸಮರ್ಥಿಸಿಕೊಂಡವು.

ಆ ತೀರ್ಪು ಬಂದು ಆರು ವರ್ಷಕ್ಕೆ, 2023ರಲ್ಲಿ, ದತ್ತಾಂಶ ರಕ್ಷಣೆಯ ಕಾಯ್ದೆ ಬಂತು. ಒಪ್ಪಿಗೆ ಕೇಳುವ ನೋಟಿಸನ್ನು ಕನ್ನಡದಲ್ಲೂ ಓದಲು ಸಿಗಬೇಕೆಂದು ಅದರಲ್ಲಿದೆ, ಸಂತೋಷ. ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಒಪ್ಪಿಗೆಯ ಕಟ್ಟುಪಾಡುಗಳಿಗೆ ಕಂಪನಿಗಳಿಗೆ 18 ತಿಂಗಳ ಕಾಲಾವಕಾಶ. ಆದರೆ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ಮೊಟಕು ಮಾಡಲು ಇದೇ ಕಾಯ್ದೆಯಲ್ಲಿ ಸೇರಿಸಿದ ತಿದ್ದುಪಡಿ ಕೂಡಲೇ ಜಾರಿ! ವೈಯಕ್ತಿಕ ಮಾಹಿತಿ ಎಂದಾದರೆ ಸಾಕು, ಆ ಕಲಮಿನಡಿ ಅರ್ಜಿ ತಳ್ಳಿಹಾಕಬಹುದು. ಸಾರ್ವಜನಿಕ ಹಿತವಿದ್ದರೆ ಮಾಹಿತಿ ಹಕ್ಕು ಕಾಯ್ದೆಯ 8(2)ರಡಿ ಕೊಡಬಹುದಲ್ಲ ಎನ್ನುತ್ತದೆ ಸರ್ಕಾರ. ಕೊಡುವ ಮನಸ್ಸು ಅಧಿಕಾರಿಗೆ ಬರಬೇಕಲ್ಲ ಸ್ವಾಮಿ? ನಮ್ಮ ಓದುಗರೊಬ್ಬರು ಊರಿನ ಚರಂಡಿ ಕಾಮಗಾರಿಯ ಬಿಲ್ಲು ಯಾರಿಗೆ ಪಾವತಿಯಾಯಿತು ಎಂದು ಕೇಳಿದರೆ, ಅದು ಗುತ್ತಿಗೆದಾರರ ವೈಯಕ್ತಿಕ ಮಾಹಿತಿ ಎಂದು ಉತ್ತರ ಬಂದಿದೆ. ನಿಮ್ಮ ಮಂಡಿನೋವು ಊರಿಗೆಲ್ಲ ಗೊತ್ತು, ಚರಂಡಿಯ ದುಡ್ಡು ತಿಂದವರ ಹೆಸರು ಗುಟ್ಟು.

ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಮೂರನೆಯವರ ಕುಕೀ ತಡೆಯುವ ಆಯ್ಕೆಯಿದೆ, ಮಗಳು ತೋರಿಸಿಕೊಟ್ಟಾಳು. ಅವಳು ಈ ವಿಷಯದ ಮೇಲೆ ಒಂದು ಲೇಖನ ಬರೆದು ಕಳಿಸಲಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ. ಮಗನೂ ಬರೆಯಬಹುದು, ಅರ್ಧ ಪುಟ ಮೀರದಂತೆ.

-ಸಂ.