‘ಟಿಸಿ ವಾಪಸ್ ಕೊಡ್ಸ್ರಿ ಮೇಡಂ’: ಷರತ್ತಿನ ಸೀಟು ಸಿಕ್ಕ ಹುಡುಗನ ಪ್ರಕರಣ

ಮೊದಲ ಸೆಮಿಸ್ಟರ್‌ನಲ್ಲಿ ಆಪ್ತಸಲಹೆ ಕೊಠಡಿಗೆ ಬರುವವರಲ್ಲಿ ಹೆಚ್ಚಿನವರು ಮನಸ್ಸು ಬಿಚ್ಚಿ ಮಾತಾಡಲು ಬರುವುದಿಲ್ಲ, ಯಾವುದೋ ಒಂದು ಸಹಿಗಾಗಿ ಬರುತ್ತಾರೆ. ಹಾಸ್ಟೆಲ್ ರೂಮು ಬದಲಾಗಬೇಕು, ಹಾಜರಿ ಕಮ್ಮಿಯಾದದ್ದಕ್ಕೆ ಒಂದು ಚೀಟಿ ಬೇಕು, ಹೀಗೆ. ಇಲ್ಲಿ ಮಲ್ಲು ಎಂದು ಕರೆಯುವ ಹುಡುಗ ಬಂದದ್ದು ಟಿಸಿ ವಾಪಸ್ ಪಡೆಯುವ ಅರ್ಜಿಗೆ ಸಹಿ ಹಾಕಿಸಲು. ಹೆಸರು, ಊರು, ಮನೆಯವರ ಕಸುಬು ಎಲ್ಲ ಬದಲಿಸಿದ್ದೇನೆ. ಬರೆಯಲು ಅವನದೂ ಅವನ ಸೋದರಮಾವನದೂ ಒಪ್ಪಿಗೆ ಇದೆ.

‘ಆಫೀಸ್‌ನಾಗ ನಿಮ್ಮ ಸಹಿ ಬೇಕಂದಾರ್ರಿ ಮೇಡಂ. ಸಹಿ ಮಾಡಿದ್ರ ಇವತ್ತ ಸಂಜೀ ಬಸ್ಸಿಗಿ ಊರಿಗಿ ಹೋಗ್ತೀನ್ರಿ.’

ಊರು ಯಾದಗಿರಿ ಜಿಲ್ಲೆಯ ಒಂದು ಹಳ್ಳಿ. ಅಪ್ಪ ವರ್ಷದಲ್ಲಿ ಎಂಟು ತಿಂಗಳು ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾನೆ, ಅವ್ವ ಹತ್ತಿ ಬಿಡಿಸಲು ಹೋಗುತ್ತಾಳೆ. ಹುಡುಗ ಕಲಬುರಗಿಯಲ್ಲಿ ಬಿಸಿಎಂ ಹಾಸ್ಟೆಲ್‌ನಲ್ಲಿದ್ದು, ಒಂದು ಸರಕಾರಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪದವಿಗೆ ಸೇರಿ ಎರಡು ತಿಂಗಳಾಗಿತ್ತು. ಪಿಯುಸಿ ಕಲಾ ವಿಭಾಗ, ಕನ್ನಡ ಮಾಧ್ಯಮ. ಈ ಕೋರ್ಸು ಇಂಗ್ಲಿಷಿನಲ್ಲಿ.

ಯಾಕೆ ಹೋಗಬೇಕು ಎಂದು ಕೇಳಿದೆ. ಅಂಗಿಯ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ್ದ ಕಾಗದ ತೆಗೆದ. ಪ್ರವೇಶ ಪತ್ರ. ಮಡಿಕೆಯ ಗೆರೆಗಳಲ್ಲಿ ಅಕ್ಷರ ಅಳಿಸಿಹೋಗುವಷ್ಟು ಸಲ ಅದನ್ನು ಬಿಚ್ಚಿ ಮಡಚಿದ್ದ. ಪತ್ರದ ಕೊನೆಯ ಪ್ಯಾರಾದಲ್ಲಿ ಷರತ್ತು ಇತ್ತು: ಪ್ರವೇಶದ ಹೊತ್ತಿನ ಪರೀಕ್ಷೆಯಲ್ಲಿ ಇಂಗ್ಲಿಷ್ ಮತ್ತು ಗಣಿತಕ್ಕೆ ಬೇಕಾದಷ್ಟು ಅಂಕ ಬಂದಿಲ್ಲವಾದ್ದರಿಂದ ಸೀಟು ತಾತ್ಕಾಲಿಕ. ಹಿಂದಿನ ಪಾಠದ ಕೊರತೆ ತುಂಬುವ 60 ಗಂಟೆಯ ಬ್ರಿಡ್ಜ್ ಕೋರ್ಸಿನಲ್ಲಿ ನೂರಕ್ಕೆ 75 ಹಾಜರಿ ಇರಬೇಕು, ಕೊನೆಗೆ ಎರಡೂ ವಿಷಯಗಳ ಪರೀಕ್ಷೆ ಪಾಸಾಗಬೇಕು, ಇಲ್ಲವಾದರೆ ಪ್ರವೇಶವನ್ನು ಮರುಪರಿಶೀಲಿಸಲಾಗುವುದು. ಇಷ್ಟೂ ಇಂಗ್ಲಿಷಿನಲ್ಲಿ. ಇಂಗ್ಲಿಷ್ ಸಾಲದು ಎಂದು ಹುಡುಗನಿಗೆ ತಿಳಿಸುವ ಪತ್ರವನ್ನು ಇಂಗ್ಲಿಷಿನಲ್ಲೇ ಬರೆದು ಕಳಿಸುವುದು ಯಾವ ಬುದ್ಧಿವಂತಿಕೆಯೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಮಲ್ಲು ಆ ಪ್ಯಾರಾವನ್ನು ರೂಮ್‌ಮೇಟ್ ಕೈಲಿ ಓದಿಸಿಕೊಂಡಿದ್ದ. ಆತ ‘ಫೇಲಾದ್ರ ತೆಗಿತಾರ’ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದ. ಆಮೇಲೆ ಬ್ರಿಡ್ಜ್ ಕ್ಲಾಸು ಶುರುವಾಯಿತು. ಸಂಜೆ ನಾಲ್ಕೂವರೆಗೆ, ಕ್ಯಾಂಟೀನಿಗೆ ಹೋಗುವ ದಾರಿಯಲ್ಲೇ ಬಾಗಿಲು ತೆರೆದಿರುವ ಕೋಣೆ. ಚಹಾಕ್ಕೆ ಹೋಗುವ ಕ್ಲಾಸಿನವರೆಲ್ಲ ಒಳಗೆ ಯಾರು ಕೂತಿದ್ದಾರೆ ಅಂತ ನೋಡಿಕೊಂಡೇ ಹೋಗುವುದು. ‘ಮೂವತ್ತೈದರ ಬ್ಯಾಚ್’ ಅಂತ ಹೆಸರೂ ಬಿತ್ತು. ಮೊದಲ ವಾರಗಳಲ್ಲಿ ಹೋದ, ಆಮೇಲೆ ಹಿಂದಿನ ಬೆಂಚಿಗೆ ಸರಿದ, ಆಮೇಲೆ ಬಿಟ್ಟ. ಊರಲ್ಲಿ ಮಾತ್ರ ಸಂಗತಿ ಬೇರೆ. ಯೂನಿವರ್ಸಿಟಿ ಸೀಟು ಸಿಕ್ಕಿತೆಂದು ಶಾಲೆಗೆ ಕರೆಸಿ ಶಾಲು ಹೊದಿಸಿದ್ದರು. ಷರತ್ತಿನ ವಿಚಾರ ಅವ್ವನಿಗೂ ಹೇಳಿರಲಿಲ್ಲ.

‘ಇಂಗ್ಲಿಷ್ ಬರಂಗಿಲ್ರಿ, ಗಣಿತ ಅಂತೂ ತಲಿಗೇ ಹತ್ತಂಗಿಲ್ಲ. ನಾನು ಇಲ್ಲಿ ಬರಬಾರದಿತ್ರಿ.’

ಇಂಥ ಹೊತ್ತಿನಲ್ಲಿ ‘ನಿನ್ನಿಂದ ಆಗ್ತದ, ಧೈರ್ಯ ಮಾಡು’ ಎಂದು ಬೆನ್ನು ತಟ್ಟುವುದು ಸುಲಭ. ನಾನು ಅದನ್ನು ಮಾಡುವುದಿಲ್ಲ. ಏನು ಬರುವುದಿಲ್ಲ ಎಂಬುದೇ ಗೊತ್ತಿಲ್ಲದೆ ಆಗ್ತದ ಎನ್ನುವುದೂ ಸುಳ್ಳು, ಆಗಂಗಿಲ್ಲ ಎನ್ನುವುದೂ ಸುಳ್ಳು. ನೋಟ್‌ಬುಕ್ ಕೇಳಿದೆ. ಮುತ್ತಿನಂಥ ಅಕ್ಷರ. ಬೋರ್ಡಿನ ಮೇಲಿದ್ದದ್ದೆಲ್ಲ ಇದೆ, ಮೇಷ್ಟ್ರು ಬಾಯಲ್ಲಿ ಹೇಳಿದ್ದು ಒಂದಕ್ಷರವೂ ಇಲ್ಲ. ಬೇಡಿಕೆಯ ಸಮೀಕರಣ ಬರೆದ ಪುಟದಲ್ಲಿ ಮೊದಲ ಸಾಲು ಇತ್ತು, ಉತ್ತರದ ಸಾಲು ಇತ್ತು, ನಡುವೆ ಖಾಲಿ ಬಿಟ್ಟಿದ್ದ. ಹಾಳೆ ಕೊಟ್ಟು ಮುಕ್ಕಾಲಿಗೆ ಮೂರನೇ ಎರಡು ಕೂಡಿಸು ಎಂದೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 5/7 ಎಂದು ಬರೆದ. ಮುಕ್ಕಾಲಿಗೆ ಇನ್ನೊಂದಿಷ್ಟು ಕೂಡಿಸಿದರೆ ಮುಕ್ಕಾಲಿಗಿಂತ ಕಮ್ಮಿ ಆಗ್ತದೇನು ಎಂದು ಕೇಳಿದಾಗ ಹಾಳೆಯನ್ನೇ ನೋಡುತ್ತ ಕೂತ. x + 7 = 12 ಕೊಟ್ಟೆ. ಐದು ಎಂದ, ಸರಿ. 3x − 4 = 11ಕ್ಕೆ ಪೆನ್ನು ನಿಂತಿತು.

ಹಾಗಾದರೆ ಎಸ್ಸೆಸ್ಸೆಲ್ಸಿ ಗಣಿತ ಹೇಗೆ ಪಾಸಾದೆ? ಮೊದಲ ಸಲ ನಕ್ಕ. ‘ಪಾಸಿಂಗ್ ಪ್ಯಾಕೇಜ್ ಇತ್ತಲ್ರಿ.’ ಈ ಭಾಗದ ಮೇಷ್ಟ್ರುಗಳಿಗೆ ಅದೇನೆಂದು ಬಿಡಿಸಿ ಹೇಳಬೇಕಿಲ್ಲ. ಬಂದೇ ಬರುವ ಪ್ರಮೇಯ, ನಕ್ಷೆ, ರಚನೆ, ಸರಾಸರಿಯ ಲೆಕ್ಕ ಬಾಯಿಪಾಠ ಮಾಡಿಸಿ ದಡ ಮುಟ್ಟಿಸುವ ವ್ಯವಸ್ಥೆ. ಥೇಲ್ಸ್ ಪ್ರಮೇಯದ ಸಾಧನೆಯನ್ನು ಅವನು ಈಗಲೂ ಗಡಗಡ ಹೇಳಬಲ್ಲ. ಆ ಮೇಷ್ಟ್ರುಗಳನ್ನು ನಾನು ದೂರುವುದಿಲ್ಲ. ಫಲಿತಾಂಶ ಬಿದ್ದರೆ ನೋಟಿಸು ಬರುವುದು ಅವರಿಗೇ.

ವರ್ಷ ಎಣಿಸಿದೆವು. 2025ರಲ್ಲಿ ಪಿಯುಸಿ, 2023ರಲ್ಲಿ ಎಸ್ಸೆಸ್ಸೆಲ್ಸಿ. ಅಂದರೆ 2020ರ ಮಾರ್ಚ್‌ನಲ್ಲಿ ಕೊರೊನಾಕ್ಕೆ ಶಾಲೆ ಮುಚ್ಚಿದಾಗ ಏಳನೇ ತರಗತಿಯ ಕೊನೆಯಲ್ಲಿದ್ದ. ಏಳರ ಪರೀಕ್ಷೆಯೇ ಆಗಲಿಲ್ಲ. ಎಂಟನೆಯದು ಹೆಚ್ಚೂಕಮ್ಮಿ ಇಡೀ ವರ್ಷ ಹೊಲದಲ್ಲಿ ಕಳೆಯಿತು. ಮನೆಯಲ್ಲಿದ್ದದ್ದು ಬಟನ್ ಫೋನು. ಒಂಬತ್ತಕ್ಕೆ ಬಂದಾಗ ಎಂಟರದ್ದು ಬರುತ್ತದೆ ಎಂದುಕೊಂಡೇ ಪಾಠ ಮುಂದುವರಿದಿತ್ತು. ಭಿನ್ನರಾಶಿ ಅರ್ಧಂಬರ್ಧ, ಸಮೀಕರಣ ಪೂರಾ ಖೋತಾ. ತಲೆಗೆ ಹತ್ತದ್ದಲ್ಲ, ಯಾರೂ ಹೇಳಿಕೊಡದ್ದು. ಇದನ್ನು ಸಮಾಧಾನಕ್ಕೆಂದು ಹೇಳಲಿಲ್ಲ, ಅವನೆದುರೇ ಹಾಳೆಯ ಮೇಲೆ ಇಸವಿ ಬರೆದು ತೋರಿಸಿದೆ. ಅಲ್ಲಿವರೆಗೆ ‘ನಾನು ದಡ್ಡ’ ಎನ್ನುತ್ತಿದ್ದವನು ‘ಹಂಗಾದ್ರ ಎಂಟನೇತ್ತದ್ದು ಪುಸ್ತಕ ಓದಿದ್ರ ಆಗ್ತದೇನ್ರಿ?’ ಎಂದು ಕೇಳಿದ.

ಇನ್ನೊಂದು ಮುಳ್ಳು ಇತ್ತು. ತನ್ನದು ‘371ಜೆ ಸೀಟು’, ಪುಗಸಟ್ಟೆ ಸಿಕ್ಕದ್ದು ಎಂದು ಯಾರೋ ಹಂಗಿಸಿದ್ದರು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಈ 371ಜೆ ವಿಧಿಯನ್ನು ಸೇರಿಸಿದ್ದು ಸಂವಿಧಾನದ 98ನೇ ತಿದ್ದುಪಡಿ. ಅದರಡಿ ಇಲ್ಲಿನ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ನೂರಕ್ಕೆ 70 ಸೀಟು ಸ್ಥಳೀಯರಿಗೆ. ಹಂಗಿಸಿದವನೂ ಬಹುಶಃ ಸ್ಥಳೀಯನೆಂಬ ಅದೇ ಸರ್ಟಿಫಿಕೇಟು ಕೊಟ್ಟೇ ಸೇರಿದವನು ಎಂದಾಗ ಮಲ್ಲು ತಲೆಯೆತ್ತಿದ. 2025ರ ದ್ವಿತೀಯ ಪಿಯುಸಿ ಪರೀಕ್ಷೆ-1ರಲ್ಲಿ ಉಡುಪಿಯ ಫಲಿತಾಂಶ ನೂರಕ್ಕೆ 93.90, ಯಾದಗಿರಿಯದು 48.45, ರಾಜ್ಯಕ್ಕೇ ಕೊನೆ. ಅರ್ಧಕ್ಕಿಂತ ಹೆಚ್ಚು ಜನ ಫೇಲಾದ ಜಿಲ್ಲೆಯಲ್ಲಿ ಅವನು ಮೊದಲ ಪರೀಕ್ಷೆಯಲ್ಲೇ ಪಾಸಾಗಿದ್ದ.

ನಿದ್ದೆ, ಊಟ ಕೇಳಿದೆ. ನಿದ್ದೆ ಬರುವಾಗ ರಾತ್ರಿ ಎರಡು ಗಂಟೆ, ಬೆಳಗಿನ ನಾಷ್ಟಾ ಬಿಟ್ಟಿದ್ದ. ಸಾಯುವ ವಿಚಾರ ಬರ್ತದೇನು ಎಂದು ನೇರವಾಗಿಯೇ ಕೇಳಿದೆ. ಸುತ್ತಿ ಬಳಸಿ ಕೇಳಿದರೆ ಉತ್ತರವೂ ಹಾಗೇ ಬರುತ್ತದೆ. ‘ಅಂಥದ್ದಿಲ್ರಿ, ಖಾಲಿ ಯಾರಿಗೂ ಮಾರಿ ತೋರ್ಸಬಾರ್ದು ಅನಿಸ್ತದ್ರಿ’ ಎಂದ. ರಾತ್ರಿ ಹೊತ್ತು ತಡೆಯಲಾಗದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡು, ದುಡ್ಡು ಹತ್ತುವುದಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ ಎಂದು ಅವನ ಫೋನಿನಲ್ಲೇ ನಂಬರು ಸೇವ್ ಮಾಡಿಸಿದೆ. ಅವನನ್ನೇ ಕೇಳಿ ವಾರ್ಡನ್‌ಗೆ ಒಂದು ಮಾತು ಹಾಕಿದೆ.

ಆಮೇಲೆ ಹಾಜರಿಯ ಲೆಕ್ಕ. ಅರವತ್ತಕ್ಕೆ 75 ಪರ್ಸೆಂಟ್ ಎಷ್ಟು ಎಂದು ಅವನನ್ನೇ ಕೇಳಿದೆ. ಸೂತ್ರ ಹಾಕಲಿಲ್ಲ. ‘ಅರವತ್ತರ ಅರ್ಧ ಮೂವತ್ತು, ಅದರ ಅರ್ಧ ಹದಿನೈದು, ಎಲ್ಲಾ ಕೂಡಿ ನಲವತ್ತೈದು’ ಎಂದು ಬೆರಳೂ ಮಡಚದೆ ಹೇಳಿದ. ಆವರೆಗೆ 24 ಗಂಟೆ ಕ್ಲಾಸು ನಡೆದಿತ್ತು, ಇವನು ಕೂತದ್ದು 12. ಉಳಿದದ್ದು 36, ಬೇಕಾದದ್ದು 33. ಇನ್ನು ಮೂರೇ ಗಂಟೆ ತಪ್ಪಿಸಬಹುದು. ಎರಡು ವಾರ ಬಿಟ್ಟು ಬಂದಿದ್ದರೆ ಈ ಲೆಕ್ಕಕ್ಕೆ ಅರ್ಥವೇ ಇರುತ್ತಿರಲಿಲ್ಲ. ಅರ್ಜಿಗೆ ಆ ದಿನ ಸಹಿ ಹಾಕಲಿಲ್ಲ, ಹರಿಯಲೂ ಇಲ್ಲ. ಸೆಮಿಸ್ಟರ್ ಮುಗಿಯುವವರೆಗೆ ನನ್ನ ಡ್ರಾಯರಿನಲ್ಲಿ ಇರಲಿ, ಯಾವತ್ತು ಬೇಕಾದರೂ ಬಂದು ಕೇಳು, ಸಹಿ ಹಾಕಿ ಕೊಡುತ್ತೇನೆ ಎಂದೆ. ಹೋಗುವ ದಾರಿ ತೆರೆದಿದೆ ಎಂದು ಗೊತ್ತಿದ್ದರೆ ನಿಲ್ಲುವುದು ಹಗುರ. ಮೂಲ ಅಂಕಪಟ್ಟಿಗಳನ್ನು ಸಂಸ್ಥೆಗಳು ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಹೇಳಿರುವುದನ್ನೂ ತಿಳಿಸಿದೆ. ಕಾಗದ ಸಿಕ್ಕಿಹಾಕಿಕೊಂಡಿದೆ ಎಂಬ ಹೆದರಿಕೆಯೂ ಅವನಿಗಿತ್ತು.

ಮುಂದಿನ ವಾರ ಮಾವ ಬಂದರು. ಶಹಾಪುರದಲ್ಲಿ ಸಣ್ಣದೊಂದು ಮೊಬೈಲ್ ರಿಪೇರಿ ಅಂಗಡಿ, ಫೀಸು ಕಟ್ಟಿದ್ದು ಅವರೇ. ಮಲ್ಲು ಅವರೆದುರು ಷರತ್ತಿನ ಪ್ಯಾರಾವನ್ನು ತಾನೇ ಕನ್ನಡದಲ್ಲಿ ಹೇಳಬೇಕೆಂದು ಮೊದಲೇ ಮಾತಾಡಿಕೊಂಡಿದ್ದೆವು. ಹೇಳಿದ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಕಡೆ ತಿರುಗಿದರು: ‘ಪಾಸ್ ಆಗ್ತಾನಂತ ನೀವು ಬರ್ದು ಕೊಡ್ತೀರೇನ್ರಿ ಮೇಡಂ?’

‘ಇಲ್ರಿ, ಅದನ್ನ ಯಾರೂ ಬರ್ದು ಕೊಡಲಾಕ ಆಗಂಗಿಲ್ಲ.’

‘ಮತ್ತ ಅಂಗಡ್ಯಾಗ ಕುಂದ್ರಲಿ. ಮುಕ್ತ ವಿಶ್ವವಿದ್ಯಾಲಯದಾಗ ಬಿಎ ಕಟ್ಟಲಿ, ಏನು ತಪ್ಪದ?’

ತಪ್ಪೇನೂ ಇಲ್ಲ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದ ಪ್ರಾದೇಶಿಕ ಕೇಂದ್ರ ಕಲಬುರಗಿಯಲ್ಲೇ ಇದೆ, ದುಡಿಯುತ್ತ ಓದಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದರೆ ಆ ಬಾಗಿಲು ಮುಂದಿನ ವರ್ಷವೂ ತೆರೆದಿರುತ್ತದೆ, ಈ ಸೀಟು ಹಾಗಲ್ಲ. ಬಿಟ್ಟರೆ ಹಾಸ್ಟೆಲ್ಲೂ ಹೋಗುತ್ತದೆ, ಸರಕಾರದ ಎಸ್‌ಎಸ್‌ಪಿ ಜಾಲತಾಣದಲ್ಲಿ ಅರ್ಜಿ ಹಾಕಿದ ವಿದ್ಯಾರ್ಥಿವೇತನವೂ ಹೋಗುತ್ತದೆ. ಅಂಗಡಿಗೆ ಹೋದರೂ ಭಿನ್ನರಾಶಿ ಅಲ್ಲೇನು ತಾನಾಗಿ ಬರುವುದಿಲ್ಲ. ಮಾವ ಒಪ್ಪಿದರು ಎನ್ನಲಾರೆ. ‘ಸಂಕ್ರಾಂತಿ ತನಕ ನೋಡಮು’ ಎಂದರು. ನನಗೆ ಅಷ್ಟು ಸಾಕಿತ್ತು.

ನಾನು ಮಲ್ಲುವಿಗೆ ಕೊಟ್ಟ ಸಲಹೆ ಇದು. ಪರೀಕ್ಷೆಯಲ್ಲಿ ಒಂದು ವಿಷಯ ಹೋದರೆ ಏನಾಗುತ್ತದೆ, ಮರುಪರೀಕ್ಷೆ ಇದೆಯೇ, ಬೇರೆ ಕೋರ್ಸಿಗೆ ಬದಲಿಸಿ ಕೊಡುತ್ತಾರೆಯೇ ಎಂದು ವಿಭಾಗಕ್ಕೆ ಅರ್ಜಿ ಬರೆದು ಉತ್ತರವನ್ನು ಬರಹದಲ್ಲೇ ಪಡೆ, ರೂಮ್‌ಮೇಟ್ ಹೇಳಿದ್ದು ಲೆಕ್ಕಕ್ಕಿಲ್ಲ. (ಉತ್ತರ ಬಂತು: ಮರುಪರೀಕ್ಷೆಗೆ ಒಂದು ಅವಕಾಶ ಇದೆ. ಇದನ್ನು ಮೊದಲ ಪತ್ರದಲ್ಲೇ ಬರೆದಿದ್ದರೆ ಎಷ್ಟು ರಾತ್ರಿಯ ನಿದ್ದೆ ಉಳಿಯುತ್ತಿತ್ತೋ.) ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಏಳು, ಎಂಟನೇ ತರಗತಿಯ ಕನ್ನಡ ಮಾಧ್ಯಮದ ಗಣಿತ ಪುಸ್ತಕ ಪುಕ್ಕಟೆ ಸಿಗುತ್ತದೆ. ಏಳರಿಂದ ಭಿನ್ನರಾಶಿ, ಎಂಟರಿಂದ ಸಮೀಕರಣ, ಈ ಎರಡೇ ಅಧ್ಯಾಯ ಜೆರಾಕ್ಸ್ ಮಾಡಿಸು. ದಿನಕ್ಕೆ ಹತ್ತು ಲೆಕ್ಕ, ಹುಮ್ಮಸ್ಸು ಬಂತೆಂದು ಒಂದೇ ರಾತ್ರಿ ಐವತ್ತು ಮಾಡಬೇಡ. ಎಂಟನೇ ತರಗತಿಯದು ಕೈಯಲ್ಲಿ ಹಿಡಿಯಲು ನಾಚಿಕೆಯಾದರೆ ಪೇಪರ್ ಹೊದಿಕೆ ಹಾಕು ಎಂದೆ, ಹಾಕಿದ.

ಇಂಗ್ಲಿಷಿಗೆ ಬಸ್ ಸ್ಟ್ಯಾಂಡ್ ಹತ್ತಿರದ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸಾಲ ಮಾಡಿ ಸಾವಿರದೈನೂರು ಮುಂಗಡ ಕೊಟ್ಟಿದ್ದ. ಬೇಡ ಎಂದೆ. ಹೋಟೆಲಿನಲ್ಲಿ ಊಟ ಆರ್ಡರ್ ಮಾಡುವ ಇಂಗ್ಲಿಷಿನಿಂದ ಅರ್ಥಶಾಸ್ತ್ರದ ಪುಟ ಅರ್ಥವಾಗುವುದಿಲ್ಲ. ಅಂದಂದಿನ ಪಾಠದ ಒಂದೇ ಪುಟ, ಪಕ್ಕದಲ್ಲಿ ಪಿಯುಸಿಯ ಕನ್ನಡ ಪಠ್ಯ ಇಟ್ಟುಕೊಂಡು ಓದು. ಜೊತೆಗೆ ಹೋದ ವರ್ಷ ಇದೇ ಬ್ರಿಡ್ಜ್ ಮುಗಿಸಿದ ಸೇಡಂ ಕಡೆಯ ಒಬ್ಬ ಸೀನಿಯರ್‌ನನ್ನು ಗಂಟು ಹಾಕಿದೆ. ಪ್ರಶ್ನೆಪತ್ರಿಕೆ ಹೇಗಿರುತ್ತದೆ ಎಂದು ಅವನು ಕ್ಯಾಂಟೀನಿನಲ್ಲಿ ಕೂತು ಹೇಳಿಕೊಟ್ಟದ್ದು ನನ್ನ ಮಾತಿಗಿಂತ ಹೆಚ್ಚು ಕೆಲಸ ಮಾಡಿತು. ಇಂಗ್ಲಿಷ್ ಮಾಧ್ಯಮದ ಕೋರ್ಸಾದರೂ ಪರೀಕ್ಷೆಯನ್ನು ಸ್ಥಳೀಯ ಭಾಷೆಯಲ್ಲಿ ಬರೆಯಲು ಬಿಡಿ ಎಂದು ಯುಜಿಸಿ 2023ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯಗಳನ್ನು ಕೇಳಿಕೊಂಡಿದೆ. ಅದನ್ನು ಉಲ್ಲೇಖಿಸಿ, ಸೆಮಿಸ್ಟರ್ ಪರೀಕ್ಷೆಯ ಉತ್ತರ ಕನ್ನಡದಲ್ಲಿ ಬರೆಯಬಹುದೇ ಎಂಬ ಅರ್ಜಿಯನ್ನೂ ಅವನು ಕೊಟ್ಟ. ಅದಕ್ಕೆ ಉತ್ತರ ಇನ್ನೂ ಬಂದಿಲ್ಲ.

ವಿಭಾಗದ ಮುಖ್ಯಸ್ಥರಿಗೆ ಹೆಸರು ಹೇಳದೆ ನಾನೂ ಕೆಲವು ಮಾತು ಬರೆದು ಕೊಟ್ಟೆ. ಕಡಿಮೆ ಅಂಕದವರಿಗೆ ಬಾಗಿಲು ಹಾಕದೆ ಷರತ್ತಿನ ಮೇಲೆ ಒಳಗೆ ಬಿಡುವುದು ಒಳ್ಳೆಯದೇ. ಆದರೆ ಎಲ್ಲರಿಗೂ ಒಂದೇ ಬ್ರಿಡ್ಜ್ ಇಟ್ಟು, ಯಾರಿಗೆ ಎಲ್ಲಿ ಕಡಿದಿದೆ ಎಂದು ಮೊದಲ ವಾರ ನೋಡದೆ, ಕೊನೆಗೆ ಪರೀಕ್ಷೆ ಮಾಡಿದರೆ ಅದು ನಿರಾಕರಣೆಯನ್ನು ನಾಲ್ಕು ತಿಂಗಳು ಮುಂದೂಡಿದಂತೆ, ಅಷ್ಟೇ. ಪತ್ರ ಕನ್ನಡದಲ್ಲೂ ಇರಲಿ, ಕ್ಲಾಸು ಬೆಳಗಿನ ಹೊತ್ತಿಗೆ ಬರಲಿ, ಮೊದಲ ದಿನವೇ ಭಿನ್ನರಾಶಿಯ ಐದು ಲೆಕ್ಕ ಕೊಟ್ಟು ನೋಡಲಿ. ಹೊತ್ತು ಬದಲಾಗಲಿಲ್ಲ. ಕೋಣೆ ಮಾತ್ರ ಲೈಬ್ರರಿಯ ಮೇಲಿನ ಮಹಡಿಗೆ ಹೋಯಿತು. ಅಲ್ಲಿಗೆ ಯಾರು ಯಾಕೆ ಹತ್ತುತ್ತಾರೆಂದು ಯಾರಿಗೂ ತಿಳಿಯುವುದಿಲ್ಲ. ಹಾಜರಿ ಸುಧಾರಿಸಿತೆಂದು ಪಾಠ ಮಾಡುವ ಅತಿಥಿ ಉಪನ್ಯಾಸಕರೇ ಹೇಳಿದರು.

ಮಲ್ಲುವಿನ ಹಾಜರಿ 46 ಗಂಟೆಗೆ ನಿಂತಿತು. ಗಣಿತ ಪಾಸಾಯಿತು, ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ. ಇಂಗ್ಲಿಷ್ ಹೋಯಿತು. ಮರುಪರೀಕ್ಷೆ ಮುಂದಿನ ತಿಂಗಳು ಇದೆ, ಅಲ್ಲಿಯವರೆಗೆ ಎರಡನೇ ಸೆಮಿಸ್ಟರಿಗೆ ಕೂರಲು ಬಿಟ್ಟಿದ್ದಾರೆ. ಟಿಸಿ ಅರ್ಜಿ ಇನ್ನೂ ನನ್ನ ಡ್ರಾಯರಿನಲ್ಲೇ ಇದೆ, ಅವನು ಬೇಡ ಎಂದೂ ಹೇಳಿಲ್ಲ. ಅವ್ವನಿಗೆ ಷರತ್ತಿನ ವಿಚಾರ ಹೇಳಿದ್ದಾನಂತೆ. ಸ್ಪೋಕನ್ ಇಂಗ್ಲಿಷಿನವರು ಮುಂಗಡ ವಾಪಸ್ ಕೊಟ್ಟಿಲ್ಲ, ಮಾವ ಮುಂದಿನ ಸಲ ಕಲಬುರಗಿಗೆ ಸಾಮಾನು ತರಲು ಬಂದಾಗ ಅವರನ್ನು ವಿಚಾರಿಸಿಕೊಳ್ಳುತ್ತೇನೆ ಎಂದಿದ್ದಾರೆ.